ಗಣಿತ ಸಾಫ್ಟ್‌ವೇರ್‌ನಲ್ಲಿ ಗ್ರೀಕ್ ಅಕ್ಷರ ಕೈಕೊಟ್ಟಾಗ: ಯಾವ ಕ್ರಮದಲ್ಲಿ ಹುಡುಕಬೇಕು, ಹೇಗೆ ಸರಿಪಡಿಸಬೇಕು

ಆಲ್ಫಾ ಟೈಪ್ ಮಾಡಿದರೆ ಖಾಲಿ ಚೌಕ ಬರುತ್ತದೆ. ಗ್ರಾಫಿನ ಮೇಲೆ ಥೀಟಾ ಬರೆಯಲು ಹೋದರೆ 'ಹೀಟಾ' ಬರುತ್ತದೆ. ನಿನ್ನೆ ಓಡಿದ ಪ್ರೋಗ್ರಾಂ ಇವತ್ತು 'ಎಪ್ಸಿಲಾನ್ ಅಂದರೆ ಏನೆಂದು ಗೊತ್ತಿಲ್ಲ' ಎನ್ನುತ್ತದೆ. ಎಪ್ಸಿಲಾನ್ ಮೇಲಿನ ಸಾಲಿನಲ್ಲೇ ಕೂತಿರುತ್ತದೆ.

ಈ ತೊಂದರೆ ಹೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಆಗಲೇ ಒಂದು ಕೆಲಸ ಮಾಡಿರುತ್ತಾರೆ. ಹೊಸ ಫಾಂಟ್ ಹಾಕಿಕೊಂಡಿರುತ್ತಾರೆ. ಅದು ಕೊನೆಗೆ ಮಾಡುವ ಕೆಲಸ. ಅಕ್ಷರ ನಿಮ್ಮ ಬೆರಳಿನಿಂದ ಪರದೆಗೆ ಬರುವಷ್ಟರಲ್ಲಿ ನಾಲ್ಕು ಕಡೆ ಕೆಡಬಹುದು: ಕೀಬೋರ್ಡ್‌ನಲ್ಲಿ, ಸಾಫ್ಟ್‌ವೇರ್ ಅದನ್ನು ಓದುವಾಗ, ಫೈಲ್ ಸೇವ್ ಆಗುವಾಗ, ಕೊನೆಗೆ ಪರದೆಯ ಮೇಲೆ. ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗುವ ತನಕ ಯಾವುದನ್ನೂ ಬದಲಿಸಬೇಡಿ.

ಬರಹದ ರೀತಿಯ ಬಗ್ಗೆ ಒಂದು ಮಾತು. ಆದೇಶಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. \ಆಲ್ಫಾ ಎಂದರೆ ಬ್ಯಾಕ್‌ಸ್ಲ್ಯಾಶ್ ಒತ್ತಿ, ಆಲ್ಫಾದ ಇಂಗ್ಲಿಷ್ ಸ್ಪೆಲಿಂಗ್ ಟೈಪ್ ಮಾಡುವುದು ಎಂದರ್ಥ. ಕಾಪಿ ಮಾಡಿ ಅಂಟಿಸಲು ಆಗುವುದಿಲ್ಲ. ಅದು ಒಳ್ಳೆಯದೇ, ಈ ತೊಂದರೆಗಳಲ್ಲಿ ಅರ್ಧದಷ್ಟು ಶುರುವಾಗುವುದು ಕಾಪಿ ಮಾಡಿದ ಸಾಲಿನಿಂದ.

## ಮೊದಲು ಕೈಗೆ ಬೇಕಾದವು

ಜಾಸ್ತಿ ಏನೂ ಬೇಡ. ಫೈಲಿನ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಅಂಕಿಗಳಾಗಿ ಬರೆದಿಡುವ ಪದ್ಧತಿ) ಯಾವುದೆಂದು ತೋರಿಸುವ ಎಡಿಟರ್ ಒಂದು ಬೇಕು. ವಿಎಸ್ ಕೋಡ್ ಕೆಳಗಿನ ಪಟ್ಟಿಯಲ್ಲಿ ತೋರಿಸುತ್ತದೆ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಕೂಡ ತೋರಿಸುತ್ತದೆ. ಅಕ್ಷರದ ಯೂನಿಕೋಡ್ ಸಂಖ್ಯೆ ಹೇಳುವ ಸಾಧನ ಒಂದು ಬೇಕು. ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಇದ್ದರೂ ಸಾಕು. ಮತ್ತೆ, ಕೆಟ್ಟ ಫೈಲಿನ ಒಂದು ಪ್ರತಿಯನ್ನು ಮುಟ್ಟದೆ ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಏಕೆಂದು 7ನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಏನು ಕಾಣುತ್ತಿದೆ ಎಂದು ಸರಿಯಾಗಿ ನೋಡಿ

'ಅಕ್ಷರ ಬರ್ತಿಲ್ಲ' ಎಂದರೆ ಏನೂ ಹೇಳಿದಂತಾಗಲಿಲ್ಲ. ಅಕ್ಷರದ ಜಾಗದಲ್ಲಿ ಏನು ಬಂದಿದೆ ಎಂಬುದೇ ಮುಖ್ಯ ಸುಳಿವು.

ಖಾಲಿ ಚೌಕ ಬಂದಿದ್ದರೆ ಹೆಚ್ಚಿನ ಸಲ ಅಕ್ಷರ ಸುರಕ್ಷಿತವಾಗಿದೆ, ಫಾಂಟಿನಲ್ಲಿ ಅದರ ಚಿತ್ರ ಇಲ್ಲ ಅಷ್ಟೆ. 2ನೇ ಹಂತದಲ್ಲಿ ಸಂಖ್ಯೆ ಖಚಿತ ಮಾಡಿಕೊಂಡು 8ನೇ ಹಂತಕ್ಕೆ ಹೋಗಿ.

ಪ್ರಶ್ನೆಚಿಹ್ನೆ ಬಂದಿದ್ದರೆ ಸುದ್ದಿ ಕೆಟ್ಟದು. ಫೈಲನ್ನು ಸೇವ್ ಮಾಡುವಾಗಲೇ ಅಕ್ಷರ ಕಳೆದುಹೋಗಿರಬಹುದು. ಹಳೆಯ ವಿಂಡೋಸ್ ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಿದರೆ ಲ್ಯಾಮ್ಡಾ ಪ್ರಶ್ನೆಚಿಹ್ನೆ ಆಗುತ್ತದೆ. ಇನ್ನೂ ಮೋಸದ ಸಂಗತಿ ಎಂದರೆ ಆಲ್ಫಾ ಕೆಲವೊಮ್ಮೆ ಸದ್ದಿಲ್ಲದೆ ಇಂಗ್ಲಿಷ್ 'ಎ' ಆಗಿಬಿಡುತ್ತದೆ, ಪೈ ಇಂಗ್ಲಿಷ್ 'ಪಿ' ಆಗುತ್ತದೆ. ಪ್ರೋಗ್ರಾಂ ಓಡುತ್ತದೆ, ಉತ್ತರ ತಪ್ಪಿರುತ್ತದೆ.

ಒಂದು ಅಕ್ಷರದ ಜಾಗದಲ್ಲಿ ಎರಡು ವಿಚಿತ್ರ ಅಕ್ಷರ ಬಂದಿವೆಯೇ? ಮೊದಲನೆಯದು ತಲೆಯ ಮೇಲೆ ಟೋಪಿ ಅಥವಾ ಎರಡು ಚುಕ್ಕೆ ಇರುವ ಇಂಗ್ಲಿಷ್ 'ಐ', ಪಕ್ಕದಲ್ಲಿ ಪ್ಲಸ್-ಮೈನಸ್ ಚಿಹ್ನೆಯೋ ಸಣ್ಣ 2 ಅಂಕಿಯೋ ಇದೆಯೇ? ಹಾಗಿದ್ದರೆ ಯುಟಿಎಫ್-8 (ಈಗ ಎಲ್ಲೆಡೆ ಬಳಕೆಯಲ್ಲಿರುವ ಎನ್‌ಕೋಡಿಂಗ್) ಫೈಲನ್ನು ಸಾಫ್ಟ್‌ವೇರ್ ಹಳೆಯ ವಿಂಡೋಸ್ ಎನ್‌ಕೋಡಿಂಗ್ ಎಂದು ತಿಳಿದು ಓದುತ್ತಿದೆ. ಟೋಪಿ 'ಐ' ಬಂದರೆ ಸಣ್ಣ ಆಲ್ಫಾದಿಂದ ಸಣ್ಣ ಒಮಿಕ್ರಾನ್ ತನಕದ ಅಕ್ಷರ ಅಥವಾ ಯಾವುದಾದರೂ ದೊಡ್ಡ ಅಕ್ಷರ, ಎರಡು ಚುಕ್ಕೆಯ 'ಐ' ಬಂದರೆ ಸಣ್ಣ ಪೈನಿಂದ ಸಣ್ಣ ಒಮೇಗಾ ತನಕದ್ದು. ಕನ್ನಡ ಅಕ್ಷರ ಹೀಗೆ ಕೆಟ್ಟರೆ ಮೂರು ಮೂರು ಚೂರಾಗುತ್ತದೆ, ಮೊದಲನೆಯದು ಮೇಲೆ ಗೀಟಿರುವ ಸಣ್ಣ 'ಎ'. ಡೇಟಾ ಇನ್ನೂ ಉಳಿದಿದೆ, ಗಾಬರಿ ಬೇಡ. ಆದರೆ ಈ ಸ್ಥಿತಿಯಲ್ಲಿ ಸೇವ್ ಒತ್ತಬೇಡಿ, 7ನೇ ಹಂತಕ್ಕೆ ಹೋಗಿ.

ಮೊದಲಕ್ಷರ ನುಂಗಿಹೋದ ಪದ ಬಂದರೆ, ಅಂದರೆ ಥೀಟಾ ಹೋಗಿ 'ಹೀಟಾ', ಟೌ ಹೋಗಿ 'ಔ' ಬಂದರೆ ನೇರವಾಗಿ 6ನೇ ಹಂತಕ್ಕೆ ಹೋಗಿ. ಗ್ರಾಫಿನ ಮೇಲೆ \ಆಲ್ಫಾ ಎಂದು ಬ್ಯಾಕ್‌ಸ್ಲ್ಯಾಶ್ ಸಮೇತ ಹಾಗೇ ಕಂಡರೂ ಅಲ್ಲಿಗೇ ಹೋಗಿ. ಅಕ್ಷರ ಚೆನ್ನಾಗಿ ಕಾಣುತ್ತಿದ್ದೂ ಪ್ರೋಗ್ರಾಂ 'ಗೊತ್ತಿಲ್ಲ' ಎಂದರೆ 4 ಮತ್ತು 5 ನೋಡಿ.

## ಹಂತ 2: ಕಣ್ಣನ್ನು ನಂಬಬೇಡಿ, ಸಂಖ್ಯೆ ಕೇಳಿ

ಪ್ರತಿ ಅಕ್ಷರಕ್ಕೂ ಯೂನಿಕೋಡ್‌ನಲ್ಲಿ ಒಂದು ಸಂಖ್ಯೆ ಇದೆ. ಸಣ್ಣ ಆಲ್ಫಾ 945, ಸಣ್ಣ ಒಮೇಗಾ 969. ದೊಡ್ಡ ಆಲ್ಫಾ 913, ದೊಡ್ಡ ಒಮೇಗಾ 937. ನಿಮ್ಮ ಅಕ್ಷರದ ಸಂಖ್ಯೆ ಈ ವ್ಯಾಪ್ತಿಯೊಳಗೆ ಬಂದರೆ ಅದು ನಿಜವಾದ ಗ್ರೀಕ್ ಅಕ್ಷರ. ಇಲ್ಲದಿದ್ದರೆ ಅಲ್ಲ, ನೋಡಲು ಎಷ್ಟೇ ಹಾಗೇ ಇರಲಿ (4ನೇ ಹಂತದಲ್ಲಿ ಬರುವ ಎಪ್ಸಿಲಾನ್, ಫೈಗಳ ಇನ್ನೊಂದು ರೂಪ ಇದಕ್ಕೆ ಹೊರತು).

ಸಂಖ್ಯೆ ಪಡೆಯುವುದು ಸುಲಭ. ಎಕ್ಸೆಲ್‌ನ ಒಂದು ಮನೆಯಲ್ಲಿ ಅಕ್ಷರ ಅಂಟಿಸಿ, ಪಕ್ಕದ ಮನೆಯಲ್ಲಿ ಯೂನಿಕೋಡ್ ಎಂಬ ಫಂಕ್ಷನ್ ಹಾಕಿ. ಪೈಥಾನ್‌ನಲ್ಲಿ ಓ-ಆರ್-ಡಿ ಫಂಕ್ಷನ್, ಮ್ಯಾಟ್‌ಲ್ಯಾಬ್‌ನಲ್ಲಿ ಡಬಲ್ ಫಂಕ್ಷನ್. ಜೂಲಿಯಾದಲ್ಲಿ ಅಕ್ಷರವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಟ್ಟು ಎಂಟರ್ ಒತ್ತಿದರೆ ಸಾಕು. ಅದು ಸಂಖ್ಯೆಯನ್ನು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಕೊಡುತ್ತದೆ, ಇಂಟ್ ಫಂಕ್ಷನ್ ಹಾಕಿದರೆ ಮಾಮೂಲಿ ಅಂಕಿ ಬರುತ್ತದೆ.

ಆಕ್ಟೇವ್ (ಮ್ಯಾಟ್‌ಲ್ಯಾಬ್‌ನಂಥ ಉಚಿತ ಸಾಫ್ಟ್‌ವೇರ್) ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಡಬಲ್ ಫಂಕ್ಷನ್ ಆಲ್ಫಾಕ್ಕೆ 945 ಕೊಡುವುದಿಲ್ಲ, 206 ಮತ್ತು 177 ಎಂದು ಎರಡು ಸಂಖ್ಯೆ ಕೊಡುತ್ತದೆ. ಆಕ್ಟೇವ್ ಅಕ್ಷರವನ್ನು ಬೈಟ್ ಲೆಕ್ಕದಲ್ಲಿ ಇಡುತ್ತದೆ, ಯುಟಿಎಫ್-8ನಲ್ಲಿ ಗ್ರೀಕ್ ಅಕ್ಷರಕ್ಕೆ ಎರಡು ಬೈಟ್. 206, 177 ಬಂದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ. ಪದದ ಉದ್ದ ಕೇಳಿದಾಗ ದುಪ್ಪಟ್ಟು ಬರುವುದೂ ಇದೇ ಕಾರಣಕ್ಕೆ.

ಸಂಖ್ಯೆ 97 ಬಂತೇ? ಅದು ಇಂಗ್ಲಿಷ್ ಸಣ್ಣ 'ಎ'. 61537 ಬಂತೇ? ಅದು ವರ್ಡ್‌ನ ಹಳೆಯ ಸಿಂಬಲ್ ಫಾಂಟಿನಿಂದ ಬಂದ ಮಾಲು. ಸಿಂಬಲ್ ಫಾಂಟಿನ ಕತೆ ನಮಗೆ ಹೊಸದಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಬೇರೆ ಕಡೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ರಾಶಿ ಆಗುತ್ತಿತ್ತಲ್ಲ, ಇದೂ ಅದೇ. ಒಳಗೆ ಇರುವುದು ಬೇರೆ, ಫಾಂಟ್ ತೋರಿಸುವುದು ಬೇರೆ. ಇಂಥ ಅಕ್ಷರ ಸಿಕ್ಕರೆ ರಿಪೇರಿಗೆ ಕೂರಬೇಡಿ, ಅಳಿಸಿ ಹೊಸದಾಗಿ ಟೈಪ್ ಮಾಡಿ.

## ಹಂತ 3: ಟೈಪ್ ಮಾಡುವ ದಾರಿ ಒಂದನ್ನೇ ಹಿಡಿಯಿರಿ

ದಾರಿ ಹಲವು ಇವೆ. ಇವತ್ತು ಒಂದು, ನಾಳೆ ಇನ್ನೊಂದು ಬಳಸಿದರೆ ಒಂದೇ ಫೈಲಿನಲ್ಲಿ ಎರಡು ಬಗೆಯ ಮ್ಯೂ ಸೇರಿಕೊಳ್ಳುತ್ತದೆ.

ಜೂಲಿಯಾ ಮತ್ತು ಜ್ಯೂಪಿಟರ್‌ನಲ್ಲಿ \ಆಲ್ಫಾ ಎಂದು ಬರೆದು ಟ್ಯಾಬ್ ಒತ್ತಿ. ಸ್ಪೇಸ್ ಅಲ್ಲ, ಎಂಟರ್ ಅಲ್ಲ. ಟ್ಯಾಬ್ ಒತ್ತಿದರೂ ಏನೂ ಆಗದಿದ್ದರೆ ಮೊದಲು ಕೆಳಮೂಲೆಯಲ್ಲಿ ಕೀಬೋರ್ಡ್ ಭಾಷೆ ನೋಡಿ. ಕನ್ನಡ ಕೀಬೋರ್ಡ್ ಆನ್ ಇದ್ದರೆ ಬ್ಯಾಕ್‌ಸ್ಲ್ಯಾಶ್ ಹಿಂದೆ ಇಂಗ್ಲಿಷ್ ಅಕ್ಷರ ಹೋಗುವುದೇ ಇಲ್ಲ. ಜ್ಯೂಪಿಟರ್‌ನಲ್ಲಾದರೆ ಕರ್ನಲ್ (ಹಿಂದೆ ಕೂತು ಕೋಡ್ ಓಡಿಸುವ ಭಾಗ) ಓಡುತ್ತಿದೆಯೇ ಎಂದೂ ನೋಡಿ. ಟ್ಯಾಬ್ ಉತ್ತರ ಬರುವುದು ಕರ್ನಲ್‌ನಿಂದ.

ಮ್ಯಾಥಮ್ಯಾಟಿಕಾದಲ್ಲಿ ಎಸ್ಕೇಪ್, ಇಂಗ್ಲಿಷ್ 'ಎ', ಮತ್ತೆ ಎಸ್ಕೇಪ್ ಒತ್ತಿದರೆ ಆಲ್ಫಾ. ಜಿಯೊಜೀಬ್ರಾದಲ್ಲಿ ಆಲ್ಟ್ ಹಿಡಿದು 'ಎ' ಒತ್ತಿದರೆ ಆಲ್ಫಾ, ಆಲ್ಟ್ ಮತ್ತು 'ಪಿ' ಒತ್ತಿದರೆ ಪೈ. ಬ್ರೌಸರ್‌ನಲ್ಲಿ ತೆರೆದಾಗ ಮಾತ್ರ ಡೆಲ್ಟಾಕ್ಕೆ ಆಲ್ಟ್ ಮತ್ತು 'ಡಿ' ಒತ್ತಿದರೆ ಕರ್ಸರ್ ಅಡ್ರೆಸ್ ಪಟ್ಟಿಗೆ ಹಾರಬಹುದು. ಆಗ ಜಿಯೊಜೀಬ್ರಾದ ಪರದೆ ಕೀಬೋರ್ಡ್‌ನಲ್ಲೇ ಗ್ರೀಕ್ ಪುಟ ತೆರೆದು ಒತ್ತಿ.

ಆಲ್ಟ್ ಹಿಡಿದು ನಂಬರ್ ಪ್ಯಾಡಿನಲ್ಲಿ ಸಂಖ್ಯೆ ಒತ್ತುವ ಹಳೆಯ ಅಭ್ಯಾಸ ವಿಂಡೋಸ್‌ನಲ್ಲಿ ಹಲವರಿಗಿದೆ. ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಸಾಮಾನ್ಯವಾಗಿ ಇರುವ 437ನೇ ಕೋಡ್ ಪೇಜ್‌ನಲ್ಲಿ (ಹಳೆಯ ಅಕ್ಷರ-ಸಂಖ್ಯೆ ಪಟ್ಟಿ) 224 ಒತ್ತಿದರೆ ಆಲ್ಫಾ ಸರಿಯಾಗೇ ಬರುತ್ತದೆ. 225 ಒತ್ತಿದರೆ ಬೀಟಾದಂತೆ ಕಾಣುವ ಜರ್ಮನ್ ಅಕ್ಷರ ಬರುತ್ತದೆ. 230 ಒತ್ತಿದರೆ ಬರುವುದು ಮ್ಯೂ ಅಲ್ಲ, ಮೈಕ್ರೋ ಚಿಹ್ನೆ. ಮ್ಯಾಕ್‌ನ ಇಂಗ್ಲಿಷ್ ಕೀಬೋರ್ಡ್‌ನಲ್ಲೂ ಆಪ್ಷನ್ ಮತ್ತು 'ಎಂ' ಒತ್ತಿದರೆ ಅದೇ ಮೈಕ್ರೋ ಚಿಹ್ನೆ. ಆಪ್ಷನ್ ಮತ್ತು 'ಡಬ್ಲ್ಯೂ' ಒತ್ತಿದರೆ ಸಿಗ್ಮಾ ಅಲ್ಲ, ಮೊತ್ತದ ಚಿಹ್ನೆ.

ದಿನಾ ಗ್ರೀಕ್ ಬೇಕಾಗುವವರು ಗ್ರೀಕ್ ಕೀಬೋರ್ಡನ್ನೇ ಸೇರಿಸಿಕೊಳ್ಳಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಬದಲಿಸಬಹುದು. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ನೀವು ಊಹಿಸಿದ ಜಾಗದಲ್ಲೇ ಇವೆ. ಥೀಟಾ ಮಾತ್ರ 'ಯು' ಕೀಲಿಯಲ್ಲಿ, ಒಮೇಗಾ 'ವಿ'ಯಲ್ಲಿ, ಸೈ 'ಸಿ'ಯಲ್ಲಿ, ಕ್ಸೈ 'ಜೆ'ಯಲ್ಲಿ. 'ಡಬ್ಲ್ಯೂ' ಒತ್ತಿದರೆ ಪದದ ಕೊನೆಯಲ್ಲಿ ಬರುವ ಸಿಗ್ಮಾ ಬರುತ್ತದೆ. ಅದರ ಸಂಖ್ಯೆ 962, ಗಣಿತದಲ್ಲಿ ಬಳಸುವ ಸಿಗ್ಮಾ 963. ಕೆಲಸ ಮುಗಿದ ಮೇಲೆ ಇಂಗ್ಲಿಷ್‌ಗೆ ವಾಪಸ್ ಬರುವುದನ್ನು ಮರೆಯಬೇಡಿ. ಗ್ರೀಕ್ ಕೀಬೋರ್ಡಿನಲ್ಲೇ ಉಳಿದು 'ಓ' ಒತ್ತಿದರೆ ಒಮಿಕ್ರಾನ್ ಬೀಳುತ್ತದೆ. ಅದು ಇಂಗ್ಲಿಷ್ 'ಓ' ಅಲ್ಲ ಎಂದು ಯಾವ ಕಣ್ಣೂ ಗುರುತಿಸದು.

## ಹಂತ 4: ಅವಳಿ ಅಕ್ಷರಗಳನ್ನು ಹಿಡಿಯಿರಿ

ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ನೋಡಲು ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಈ ಜೋಡಿಗಳನ್ನು ಬರೆದಿಟ್ಟುಕೊಳ್ಳಿ:

- ಮ್ಯೂ 956, ಮೈಕ್ರೋ ಚಿಹ್ನೆ 181
- ದೊಡ್ಡ ಒಮೇಗಾ 937, ಓಮ್ ಚಿಹ್ನೆ 8486
- ದೊಡ್ಡ ಸಿಗ್ಮಾ 931, ಮೊತ್ತದ ಚಿಹ್ನೆ 8721
- ದೊಡ್ಡ ಪೈ 928, ಗುಣಲಬ್ಧದ ಚಿಹ್ನೆ 8719
- ದೊಡ್ಡ ಡೆಲ್ಟಾ 916, ವ್ಯತ್ಯಾಸದ ತ್ರಿಕೋನ 8710
- ಎಪ್ಸಿಲಾನ್ 949, ಅದರ ಇನ್ನೊಂದು ರೂಪ 1013
- ಫೈ 966, ಅದರ ಇನ್ನೊಂದು ರೂಪ 981
- ಅರ್ಧವಿರಾಮ 59, ಗ್ರೀಕ್ ಪ್ರಶ್ನೆಚಿಹ್ನೆ 894

ಎಪ್ಸಿಲಾನ್ ಮತ್ತು ಫೈ ವಿಷಯದಲ್ಲಿ ಜೂಲಿಯಾ ಬಳಸುವವರು ಎಚ್ಚರ ವಹಿಸಬೇಕು. \ಎಪ್ಸಿಲಾನ್ ಮತ್ತು ಟ್ಯಾಬ್ ಒತ್ತಿದರೆ 1013 ಬರುತ್ತದೆ. 949 ಬೇಕಿದ್ದರೆ \ವಾರ್‌ಎಪ್ಸಿಲಾನ್. ಹಾಗೇ \ಫೈ ಕೊಡುವುದು 981, \ವಾರ್‌ಫೈ ಕೊಡುವುದು 966. ಗ್ರೀಕ್ ಕೀಬೋರ್ಡಿನಲ್ಲಿ ಒತ್ತಿದರೆ 949 ಮತ್ತು 966. ಅಂದರೆ ನೀವು \ಎಪ್ಸಿಲಾನ್ ಬಳಸಿ, ನಿಮ್ಮ ಜೊತೆಯವರು ಗ್ರೀಕ್ ಕೀಬೋರ್ಡ್ ಬಳಸಿದರೆ ಇಬ್ಬರ ಎಪ್ಸಿಲಾನ್ ಬೇರೆ. ಜೂಲಿಯಾ 'ಗೊತ್ತಿಲ್ಲ' ಎನ್ನುವುದು ಸರಿಯೇ. ಆದರೆ ಮೈಕ್ರೋ ಚಿಹ್ನೆಯನ್ನು ಜೂಲಿಯಾ ತಾನಾಗೇ ಮ್ಯೂ ಎಂದು ತೆಗೆದುಕೊಳ್ಳುತ್ತದೆ.

ಪೈಥಾನ್ ಇನ್ನೂ ಉದಾರಿ. ವೇರಿಯಬಲ್ ಹೆಸರುಗಳನ್ನು ಅದು ಎನ್‌ಎಫ್‌ಕೆಸಿ ಎಂಬ ಯೂನಿಕೋಡ್ ನಿಯಮದಂತೆ ಒಂದೇ ರೂಪಕ್ಕೆ ತರುತ್ತದೆ. ಹಾಗಾಗಿ ಹೆಸರಿನಲ್ಲಿ 181 ಮತ್ತು 956 ಎರಡೂ ಒಂದೇ. ಆದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯಕ್ಕೆ ಈ ಉದಾರತೆ ಇಲ್ಲ. ಪ್ರಯೋಗಾಲಯದ ಯಂತ್ರ ಕೊಟ್ಟ ಫೈಲಿನಲ್ಲಿ ಕಾಲಮ್ ಹೆಸರು 'ಮೈಕ್ರೋ ಮೀಟರ್' ಎಂದು 181 ಬಳಸಿ ಬಂದಿರುತ್ತದೆ. ನೀವು 956 ಟೈಪ್ ಮಾಡಿ ಹುಡುಕುತ್ತೀರಿ. 'ಅಂಥ ಕಾಲಮ್ ಇಲ್ಲ' ಎಂಬ ಉತ್ತರ ಬರುತ್ತದೆ.

ಇದಕ್ಕೆ ಮದ್ದು, ಕಾಲಮ್ ಹೆಸರುಗಳನ್ನು ಓದಿದ ಕೂಡಲೇ ಯೂನಿಕೋಡ್‌ಡೇಟಾ ಲೈಬ್ರರಿಯ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಕೆಸಿ ಎಂದು ಹೇಳಿ ಹಾಯಿಸುವುದು. ಹೆಸರುಗಳಿಗೆ ಮಾತ್ರ ಮಾಡಿ, ಇಡೀ ಪಠ್ಯಕ್ಕೆ ಬೇಡ. ಈ ನಿಯಮ ಮೇಲೆ ಬರೆದ ಸಣ್ಣ ಅಂಕಿಗಳನ್ನೂ ಮಾಮೂಲಿ ಅಂಕಿ ಮಾಡುತ್ತದೆ. 10ರ ವರ್ಗ 102 ಆಗಿಬಿಡುತ್ತದೆ.

ಮೊತ್ತದ ಚಿಹ್ನೆ ಮತ್ತು ತ್ರಿಕೋನ ಈ ನಿಯಮಕ್ಕೂ ಬಗ್ಗುವುದಿಲ್ಲ. ಪೈಥಾನ್‌ನಲ್ಲಿ ಅವು ಹೆಸರಿನಲ್ಲಿ ಬಂದರೆ 'ಅಮಾನ್ಯ ಅಕ್ಷರ' ಎಂಬ ತಪ್ಪು ಬರುತ್ತದೆ, ಜೊತೆಗೆ ಅಕ್ಷರದ ಯೂನಿಕೋಡ್ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆ ಓದದೆ ಮುಂದೆ ಹೋಗುವವರೇ ಜಾಸ್ತಿ.

ಇನ್ನೊಂದು ಮೂಲ ವರ್ಡ್‌ನ ಸಮೀಕರಣ ಪೆಟ್ಟಿಗೆ. ಅಲ್ಲಿಂದ ಕಾಪಿ ಮಾಡಿದ ಓರೆ ಆಲ್ಫಾದ ಸಂಖ್ಯೆ 945 ಅಲ್ಲ, 120572. ಗಣಿತದ ಓರೆ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ ಬೇರೆಯೇ ಜಾಗ ಇದೆ. ಬಹಳ ಫಾಂಟ್‌ಗಳಲ್ಲಿ ಅದಕ್ಕೆ ಚಿತ್ರವೇ ಇಲ್ಲ, ಚೌಕ ಬರುತ್ತದೆ.

## ಹಂತ 5: ಆ ಸಾಫ್ಟ್‌ವೇರ್ ಗ್ರೀಕ್ ಹೆಸರು ಒಪ್ಪುತ್ತದೆಯೇ?

ಜೂಲಿಯಾ, ಪೈಥಾನ್, ಮ್ಯಾಥಮ್ಯಾಟಿಕಾ ಒಪ್ಪುತ್ತವೆ. ಮ್ಯಾಟ್‌ಲ್ಯಾಬ್ ಮತ್ತು ಆಕ್ಟೇವ್ ಒಪ್ಪುವುದಿಲ್ಲ. ಅಲ್ಲಿ ವೇರಿಯಬಲ್ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ. ಯಾವ ಸೆಟಿಂಗ್ ಬದಲಿಸಿದರೂ ಇದು ಬದಲಾಗದು. ಹೆಸರನ್ನು ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಇಡಿ, ಗ್ರೀಕ್ ಅಕ್ಷರವನ್ನು ಗ್ರಾಫಿನ ಮೇಲೆ ಮಾತ್ರ ಬಳಸಿ.

ಪೈ ಕಂಡಲ್ಲೆಲ್ಲ 3.14 ಎಂದುಕೊಳ್ಳಬೇಡಿ. ಜೂಲಿಯಾದಲ್ಲಿ \ಪೈ ಟ್ಯಾಬ್ ಒತ್ತಿದರೆ ಸಿಗುವುದು ನಿಜವಾದ ಸ್ಥಿರಾಂಕ. ಪೈಥಾನ್‌ನಲ್ಲಿ ಅದೇ ಅಕ್ಷರ ಬರೀ ಖಾಲಿ ಹೆಸರು, ಬೆಲೆ ನೀವೇ ಕೊಡಬೇಕು. ಪೈಥಾನ್‌ನ ಬೀಜಗಣಿತ ಲೈಬ್ರರಿ ಸಿಂಪೈನಲ್ಲಿ ಸಿಂಬಲ್ಸ್ ಫಂಕ್ಷನ್ ಬಳಸಿ ಪೈ ಮಾಡಿಕೊಂಡರೆ ಪರದೆ ಮೇಲೆ ಪೈ ಅಕ್ಷರವೇ ಕಾಣುತ್ತದೆ, ಆದರೆ ಅದರ ಸೈನ್ ಸೊನ್ನೆ ಆಗುವುದಿಲ್ಲ. ಮ್ಯಾಕ್ಸಿಮಾದಲ್ಲಿ ಶೇಕಡಾ ಚಿಹ್ನೆ ಹಾಕಿ ಪೈ ಎಂದು ಬರೆದರೆ ಮಾತ್ರ ಸ್ಥಿರಾಂಕ. ಪೈಥಾನ್‌ನಲ್ಲಿ ಲ್ಯಾಮ್ಡಾದ ಇಂಗ್ಲಿಷ್ ಸ್ಪೆಲಿಂಗ್ ಭಾಷೆಯದೇ ಕಾಯ್ದಿಟ್ಟ ಪದ. 955 ಸಂಖ್ಯೆಯ ಗ್ರೀಕ್ ಲ್ಯಾಮ್ಡಾ ಅಕ್ಷರಕ್ಕೆ ಆ ನಿರ್ಬಂಧ ಇಲ್ಲ.

## ಹಂತ 6: ಬ್ಯಾಕ್‌ಸ್ಲ್ಯಾಶ್ ಯಾರ ಕೈಗೆ ಸಿಗುತ್ತಿದೆ ನೋಡಿ

ಗ್ರಾಫಿನ ಶೀರ್ಷಿಕೆಯಲ್ಲಿ ಗಾಮಾ ಬರುತ್ತದೆ, ಬೀಟಾ ಬರುವುದಿಲ್ಲ. ಸಿಗ್ಮಾ ಬರುತ್ತದೆ, ಟೌ ಬರುವುದಿಲ್ಲ. ಇದನ್ನು ನೋಡಿ ಫಾಂಟ್ ಹಾಳಾಗಿದೆ ಎಂದುಕೊಳ್ಳುವುದು ಸಹಜ. ಕಾರಣ ಬೇರೆ.

ಪೈಥಾನ್‌ನ ಮಾಮೂಲಿ ಪಠ್ಯದಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ಅದರ ಮುಂದಿನ ಅಕ್ಷರ ಸೇರಿ ಒಂದು ಸಂಕೇತ ಆಗಬಹುದು. ಇಂಗ್ಲಿಷ್ 'ಟಿ' ಬಂದರೆ ಟ್ಯಾಬ್, 'ಎನ್' ಬಂದರೆ ಹೊಸ ಸಾಲು, 'ಬಿ' ಬಂದರೆ ಬ್ಯಾಕ್‌ಸ್ಪೇಸ್, 'ಎ' ಬಂದರೆ ಗಂಟೆಯ ಸದ್ದು, 'ಆರ್' ಬಂದರೆ ಸಾಲಿನ ಮೊದಲಿಗೆ ವಾಪಸ್. ಹಾಗಾಗಿ ಆಲ್ಫಾ, ಬೀಟಾ, ಥೀಟಾ, ಟೌ, ನ್ಯೂ, ರೋ ಕೆಡುತ್ತವೆ. ಕ್ಸೈ ಮತ್ತು ಉಪ್ಸಿಲಾನ್ ಪ್ರೋಗ್ರಾಂ ಓಡಲೂ ಬಿಡುವುದಿಲ್ಲ. ಬ್ಯಾಕ್‌ಸ್ಲ್ಯಾಶ್ ನಂತರ 'ಎಕ್ಸ್' ಅಥವಾ 'ಯು' ಬಂದರೆ ಪೈಥಾನ್ ಮುಂದೆ ಹೆಕ್ಸ್ ಅಂಕಿ ಕಾಯುತ್ತದೆ. ಗಾಮಾ, ಡೆಲ್ಟಾ, ಲ್ಯಾಮ್ಡಾ, ಮ್ಯೂ, ಪೈ, ಸಿಗ್ಮಾ, ಒಮೇಗಾ ಬಚಾವಾಗುವುದು ಅವುಗಳ ಮೊದಲಕ್ಷರಕ್ಕೆ ಅಂಥ ಸಂಕೇತ ಇಲ್ಲದ್ದರಿಂದ. 3.12ರಿಂದ ಪೈಥಾನ್ ಇವಕ್ಕೂ ಎಚ್ಚರಿಕೆ ತೋರಿಸುತ್ತದೆ.

ಪರಿಹಾರ ಒಂದೇ ಅಕ್ಷರ. ಉದ್ಧರಣ ಚಿಹ್ನೆಗೆ ಮುಂಚೆ ಸಣ್ಣ 'ಆರ್' ಹಾಕಿ. ಆಗ ಬ್ಯಾಕ್‌ಸ್ಲ್ಯಾಶ್ ಹಾಗೇ ಪೈಥಾನ್‌ನ ಗ್ರಾಫ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ಗೆ ತಲುಪುತ್ತದೆ. ಗ್ರೀಕ್ ಭಾಗವನ್ನು ಎರಡು ಡಾಲರ್ ಚಿಹ್ನೆಗಳ ನಡುವೆ ಇಡುವುದನ್ನೂ ಮರೆಯಬೇಡಿ. ವೇರಿಯಬಲ್ ಬೆಲೆ ಸೇರಿಸಲು 'ಎಫ್' ಕೂಡ ಹಾಕಿದ್ದರೆ, ಲೇಟೆಕ್‌ನ (ಗಣಿತ ಬರಹ ಜೋಡಿಸುವ ಭಾಷೆ) ಪುಷ್ಪಾವರಣಗಳನ್ನು ಎರಡೆರಡು ಸಲ ಬರೆಯಬೇಕು. ಇಲ್ಲದಿದ್ದರೆ ಪೈಥಾನ್ ಅವನ್ನು ತನ್ನವೆಂದು ನುಂಗುತ್ತದೆ.

ಆಕ್ಟೇವ್‌ನಲ್ಲಿ ಇದೇ ಸಮಸ್ಯೆ ಜೋಡಿ ಉದ್ಧರಣ ಚಿಹ್ನೆ ಬಳಸಿದಾಗ ಬರುತ್ತದೆ. ಒಂಟಿ ಚಿಹ್ನೆ ಬಳಸಿದರೆ ಮುಗಿಯಿತು. ಮ್ಯಾಟ್‌ಲ್ಯಾಬ್‌ನಲ್ಲಿ ಎರಡೂ ಸುರಕ್ಷಿತ. ಆದರೆ ಶೀರ್ಷಿಕೆಯನ್ನು ಎಸ್‌ಪ್ರಿಂಟ್‌ಎಫ್ ಮೂಲಕ ಕಟ್ಟಿದರೆ ಅದು ಬ್ಯಾಕ್‌ಸ್ಲ್ಯಾಶ್ ತಿನ್ನುತ್ತದೆ, ಅಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ.

ಮ್ಯಾಟ್‌ಲ್ಯಾಬ್‌ನಲ್ಲಿ \ಆಲ್ಫಾ ಹಾಗೇ ಕಂಡರೆ ಇಂಟರ್‌ಪ್ರಿಟರ್ ಸೆಟಿಂಗ್ 'ನನ್' ಆಗಿದೆ ಎಂದರ್ಥ. ಅದನ್ನು 'ಟೆಕ್' ಮಾಡಿ. ಆಲ್ಫಾ ಬಂದು ಎರಡು ಬದಿ ಡಾಲರ್ ಚಿಹ್ನೆ ಕಂಡರೆ 'ಲೇಟೆಕ್' ಇರಬೇಕಾದಲ್ಲಿ 'ಟೆಕ್' ಇದೆ. ಬಟನ್‌ಗಳಲ್ಲಿ ಟೆಕ್ ಕೆಲಸ ಮಾಡದಿದ್ದರೆ ಕ್ಯಾರ್ ಫಂಕ್ಷನ್‌ಗೆ 945 ಕೊಟ್ಟು ಅಕ್ಷರವನ್ನೇ ಇಡಿ. ಪೈಥಾನ್‌ನಲ್ಲಿ ಸಿ-ಎಚ್-ಆರ್ ಫಂಕ್ಷನ್‌ದೂ ಇದೇ ಕೆಲಸ. ಸಂಖ್ಯೆಯಿಂದ ಅಕ್ಷರ ಮಾಡುವ ಈ ದಾರಿಗೆ ಒಂದು ಲಾಭ ಇದೆ: ಪ್ರೋಗ್ರಾಂ ಫೈಲಿನಲ್ಲಿ ಗ್ರೀಕ್ ಅಕ್ಷರವೇ ಇರುವುದಿಲ್ಲ, ಎನ್‌ಕೋಡಿಂಗ್ ಕೆಟ್ಟರೂ ಇದು ಕೆಡದು. ಆಕ್ಟೇವ್‌ನಲ್ಲಿ ಮಾತ್ರ 945 ಬದಲು 206 ಮತ್ತು 177 ಎರಡನ್ನೂ ಕೊಡಬೇಕು.

## ಹಂತ 7: ಫೈಲಿನ ಎನ್‌ಕೋಡಿಂಗ್

ಇಲ್ಲಿ ತಾಳ್ಮೆ ಬೇಕು. ತಪ್ಪು ಬಟನ್ ಒತ್ತಿದರೆ ಸರಿಪಡಿಸಬಹುದಾದ ಫೈಲ್ ಶಾಶ್ವತವಾಗಿ ಕೆಡುತ್ತದೆ.

ವಿಎಸ್ ಕೋಡ್‌ನ ಕೆಳಗಿನ ಪಟ್ಟಿಯಲ್ಲಿ ಎನ್‌ಕೋಡಿಂಗ್ ಹೆಸರಿನ ಮೇಲೆ ಒತ್ತಿ. ಎರಡು ಆಯ್ಕೆ ಬರುತ್ತವೆ: ಈ ಎನ್‌ಕೋಡಿಂಗ್‌ನಲ್ಲಿ ಮತ್ತೆ ತೆರೆ, ಈ ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡು. ಟೋಪಿ 'ಐ' ಕಾಣುತ್ತಿದ್ದರೆ ಮೊದಲು 'ಮತ್ತೆ ತೆರೆ' ಆಯ್ದು ಯುಟಿಎಫ್-8 ಕೊಡಿ. ಅಕ್ಷರ ಸರಿಯಾಗಿ ಕಂಡ ಮೇಲೆ ಬೇಕಿದ್ದರೆ ಸೇವ್ ಮಾಡಿ. ಟೋಪಿ 'ಐ' ಇರುವಾಗಲೇ ಯುಟಿಎಫ್-8 ಎಂದು ಸೇವ್ ಮಾಡಿದರೆ ಆ ಕಸವೇ ಯುಟಿಎಫ್-8 ಆಗಿ ಕೂರುತ್ತದೆ. ಎರಡನೇ ಸಲ ತೆರೆದಾಗ ಎರಡರ ಬದಲು ನಾಲ್ಕು ಅಕ್ಷರ ಕಂಡರೆ ಹೀಗೇ ಆಗಿದೆ. ಮುಟ್ಟದೆ ಇಟ್ಟ ಪ್ರತಿ ಕೆಲಸಕ್ಕೆ ಬರುವುದು ಆಗ.

ಹಳೆಯ ಫೈಲುಗಳಿಗೆ ಇತಿಹಾಸ ಇರುತ್ತದೆ. ಮ್ಯಾಟ್‌ಲ್ಯಾಬ್ ಎಡಿಟರ್ ಹೊಸ ಫೈಲುಗಳನ್ನು ಯುಟಿಎಫ್-8ನಲ್ಲಿ ಇಡಲು ಶುರುಮಾಡಿದ್ದು 2020ರ ಮೊದಲ ಆವೃತ್ತಿಯಿಂದ. ನೋಟ್‌ಪ್ಯಾಡ್ ಬದಲಾದದ್ದು ವಿಂಡೋಸ್ 10ರ 1903 ಆವೃತ್ತಿಯಲ್ಲಿ. ವಿಂಡೋಸ್‌ನಲ್ಲಿ ಆರ್ ಭಾಷೆ ಯುಟಿಎಫ್-8ಕ್ಕೆ ಬಂದದ್ದು 4.2ರಲ್ಲಿ. ಇವಕ್ಕಿಂತ ಹಿಂದೆ ಮಾಡಿದ ಫೈಲು ಸೀನಿಯರ್‌ಗಳಿಂದ ಕೈಗೆ ಬಂದಿದ್ದರೆ ಮೊದಲ ಅನುಮಾನ ಎನ್‌ಕೋಡಿಂಗ್ ಮೇಲೆ ಇರಲಿ.

ವಿಂಡೋಸ್‌ನಲ್ಲಿ ಪೈಥಾನ್ 'ಚಾರ್‌ಮ್ಯಾಪ್ ಕೋಡೆಕ್' ಎಂದು ದೂರಿದರೆ, ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಹೇಳಿಲ್ಲ ಎಂದರ್ಥ. ಓಪನ್ ಫಂಕ್ಷನ್‌ಗೆ ಯುಟಿಎಫ್-8 ಎಂದು ನೀವೇ ಹೇಳಿ, ಓದುವಾಗಲೂ ಬರೆಯುವಾಗಲೂ. ಕಮಾಂಡ್ ಕಿಟಕಿಯಲ್ಲಿ ಮುದ್ರಿಸುವಾಗ ಈ ದೂರು ಬಂದರೆ ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ.

ಸಿಎಸ್‌ವಿ ಫೈಲ್ ಎಕ್ಸೆಲ್‌ಗೆ ಹೋಗಬೇಕಾದರೆ ಯುಟಿಎಫ್-8-ಸಿಗ್ ಎಂಬ ರೂಪದಲ್ಲಿ ಬರೆಯಿರಿ. ಅದು ಫೈಲಿನ ತಲೆಯಲ್ಲಿ ಮೂರು ಬೈಟ್‌ನ ಗುರುತು ಇಡುತ್ತದೆ, ಎಕ್ಸೆಲ್‌ಗೆ ಅದು ಬೇಕು. ಅದೇ ಫೈಲನ್ನು ಮತ್ತೆ ಪೈಥಾನ್‌ನಲ್ಲಿ ಬರೀ ಯುಟಿಎಫ್-8 ಎಂದು ಓದಿದರೆ ಆ ಗುರುತು ಮೊದಲ ಕಾಲಮ್ ಹೆಸರಿಗೆ ಅಂಟಿಕೊಳ್ಳಬಹುದು. ಮೊದಲ ಕಾಲಮ್ ಮಾತ್ರ ಸಿಗುತ್ತಿಲ್ಲ, ಉಳಿದವೆಲ್ಲ ಸಿಗುತ್ತಿವೆ ಎಂದರೆ ಇದೇ ಲಕ್ಷಣ.

## ಹಂತ 8: ಈಗ ಫಾಂಟ್

ಸಂಖ್ಯೆ ಸರಿ, ಫೈಲ್ ಸರಿ, ಆದರೂ ಚೌಕ. ಈಗ ಫಾಂಟ್ ಬದಲಿಸಿ. ಎಡಿಟರ್‌ಗೆ ಡೆಜಾವು ಸ್ಯಾನ್ಸ್ ಮೋನೊ, ಜೂಲಿಯಾಮೋನೊ, ಕನ್ಸೋಲಾಸ್ ಮೂರರಲ್ಲೂ ಗ್ರೀಕ್ ಇದೆ. ಓರೆ ಗಣಿತ ಅಕ್ಷರಗಳು ಬೇಕೇಬೇಕೆಂದರೆ ಕೇಂಬ್ರಿಯಾ ಮ್ಯಾಥ್ ಅಥವಾ ಸ್ಟಿಕ್ಸ್ ಟೂ ಮ್ಯಾಥ್. ಆಯುವಾಗ ಗ್ರೀಕ್ ನ್ಯೂ ಪಕ್ಕದಲ್ಲಿ ಇಂಗ್ಲಿಷ್ 'ವಿ' ಬರೆದು ನೋಡಿ. ವ್ಯತ್ಯಾಸ ಕಾಣದ ಫಾಂಟ್ ಬೇಡವೇ ಬೇಡ.

ಮ್ಯಾಟ್‌ಪ್ಲಾಟ್‌ಲಿಬ್ ಜೊತೆಗೆ ಬರುವ ಡೆಜಾವು ಸ್ಯಾನ್ಸ್‌ನಲ್ಲಿ ಗ್ರೀಕ್ ಇದೆ. ತೊಂದರೆ ಬರುವುದು ಗ್ರಾಫಿನ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದಾಗ. 'ಗ್ಲಿಫ್ (ಅಕ್ಷರದ ಚಿತ್ರ) 3221 ಇಲ್ಲ' ಎಂಬ ಎಚ್ಚರಿಕೆ ಬಂದರೆ ಅದು ನಮ್ಮ 'ಕ'. ಆವೃತ್ತಿ 3.6ರಿಂದ ಫಾಂಟ್‌ಗಳ ಪಟ್ಟಿಯನ್ನೇ ಕೊಡಬಹುದು: ಮೊದಲು ಡೆಜಾವು ಸ್ಯಾನ್ಸ್, ನಂತರ ನೋಟೋ ಸ್ಯಾನ್ಸ್ ಕನ್ನಡ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ತೆಗೆದುಕೊಳ್ಳುತ್ತದೆ. ಆದರೂ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕದಲ್ಲಿ ಬಿದ್ದರೆ ಅದು ಫಾಂಟಿನ ತಪ್ಪಲ್ಲ, ಅಕ್ಷರ ಜೋಡಿಸುವ ಭಾಗದ ಕೊರತೆ. ಶೀರ್ಷಿಕೆಯನ್ನು ಚಿತ್ರದ ಹೊರಗೆ, ವರ್ಡ್‌ನಲ್ಲೋ ಇಂಕ್‌ಸ್ಕೇಪ್‌ನಲ್ಲೋ ಸೇರಿಸುವುದೇ ನೆಮ್ಮದಿ. ಹೊಸ ಫಾಂಟ್ ಹಾಕಿದ ಮೇಲೂ ಮ್ಯಾಟ್‌ಪ್ಲಾಟ್‌ಲಿಬ್ 'ಸಿಗಲಿಲ್ಲ' ಎಂದರೆ ಅದರ ಕ್ಯಾಶ್ ಫೋಲ್ಡರ್‌ನಲ್ಲಿರುವ ಫಾಂಟ್‌ಲಿಸ್ಟ್ ಫೈಲನ್ನು ಅಳಿಸಿ ಮತ್ತೆ ಓಡಿಸಿ.

ಆರ್ ಭಾಷೆಯಲ್ಲಿ ಪರದೆ ಮೇಲೆ ಆಲ್ಫಾ ಸರಿಯಾಗಿದ್ದು ಪಿಡಿಎಫ್‌ನಲ್ಲಿ ಎರಡು ಚುಕ್ಕೆ ಬಂದರೆ ಮಾಮೂಲಿ ಪಿಡಿಎಫ್ ಬದಲು ಕೈರೋ ಪಿಡಿಎಫ್ ಎಂಬ ಫಂಕ್ಷನ್ ಬಳಸಿ.

## ಹಂತ 9: ಲೇಟೆಕ್ ಮತ್ತು ಕೊನೆಯ ಪಿಡಿಎಫ್

ಪಿಡಿಎಫ್‌ಲೇಟೆಕ್‌ಗೆ ಗ್ರೀಕ್ ಅಕ್ಷರವನ್ನೇ ಅಂಟಿಸಿದರೆ 'ಈ ಯೂನಿಕೋಡ್ ಅಕ್ಷರಕ್ಕೆ ವ್ಯವಸ್ಥೆ ಇಲ್ಲ' ಎಂದು ನಿಲ್ಲುತ್ತದೆ. ಫೈಲ್ ಯುಟಿಎಫ್-8 ಆಗಿಯೇ ಇರುತ್ತದೆ, 2018ರಿಂದ ಲೇಟೆಕ್ ಅದನ್ನೇ ನಿರೀಕ್ಷಿಸುತ್ತದೆ. ಹಾಗಾಗಿ ಎನ್‌ಕೋಡಿಂಗ್ ಸಾಲುಗಳನ್ನು ಸುಮ್ನೆ ಸೇರಿಸುತ್ತಾ ಹೋಗಬೇಡಿ. ಡಾಲರ್ ಚಿಹ್ನೆಗಳ ನಡುವೆ \ಆಲ್ಫಾ ಬರೆಯಿರಿ. ದೊಡ್ಡ ಆಲ್ಫಾಕ್ಕೆ ಆದೇಶ ಹುಡುಕಬೇಡಿ, ಇಂಗ್ಲಿಷ್ ದೊಡ್ಡ 'ಎ' ಬಳಸುವುದೇ ರೂಢಿ.

ಗ್ರೀಕ್ ಅಕ್ಷರವನ್ನೇ ಇಡಬೇಕೆಂದರೆ ಝೀಲೇಟೆಕ್ ಅಥವಾ ಲುವಾಲೇಟೆಕ್‌ಗೆ ಹೋಗಿ, ಯೂನಿಕೋಡ್-ಮ್ಯಾಥ್ ಪ್ಯಾಕೇಜ್ ಸೇರಿಸಿ. ಇಲ್ಲಿ ಅಪಾಯ ಬೇರೆ ಥರದ್ದು. ಪಠ್ಯದ ಫಾಂಟಿನಲ್ಲಿ ಅಕ್ಷರ ಇಲ್ಲದಿದ್ದರೆ ಪುಟದಲ್ಲಿ ಚೌಕವೂ ಬರದೆ ಅಕ್ಷರ ಮಾಯವಾಗಬಹುದು. ಲಾಗ್ ಫೈಲಿನಲ್ಲಿ 'ಕಾಣೆಯಾದ ಅಕ್ಷರ' ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಹುಡುಕಿ. ಜ್ಯೂಪಿಟರ್ ನೋಟ್‌ಬುಕ್‌ನಿಂದ ಪಿಡಿಎಫ್ ಮಾಡುವಾಗ ಒಳಗೆ ಓಡುವುದು ಝೀಲೇಟೆಕ್. ಕೋಡ್ ಭಾಗದ ಗ್ರೀಕ್ ಹೆಸರುಗಳು ಮಾತ್ರ ಮಾಯವಾಗಿದ್ದರೆ ಅಲ್ಲಿನ ಸಮಾನ ಅಗಲದ ಫಾಂಟಿನಲ್ಲಿ ಗ್ರೀಕ್ ಇಲ್ಲ.

ಪಿಡಿಎಫ್ ಕಳಿಸುವ ಮುಂಚೆ ಅದರೊಳಗೆ ಕಂಟ್ರೋಲ್ ಮತ್ತು 'ಎಫ್' ಒತ್ತಿ, ಸಾಮಾನ್ಯ ಪಠ್ಯದಲ್ಲಿರುವ ಒಂದು ಗ್ರೀಕ್ ಅಕ್ಷರವನ್ನು ಹುಡುಕಿ. ಸಿಗದಿದ್ದರೆ ಅಕ್ಷರವನ್ನು ಕಾಪಿ ಮಾಡಿ ಎಕ್ಸೆಲ್‌ನಲ್ಲಿ ಅಂಟಿಸಿ ಸಂಖ್ಯೆ ನೋಡಿ. ಲುವಾಲೇಟೆಕ್‌ನ ಯೂನಿಕೋಡ್-ಮ್ಯಾಥ್‌ನಿಂದ ಬಂದ ಸಮೀಕರಣದಲ್ಲಿ 120572 ಥರದ ಸಂಖ್ಯೆ ಬಂದರೆ ಅದು ತಪ್ಪಲ್ಲ, ಅಲ್ಲಿ ಓರೆ ಅಕ್ಷರವೇ ಇರುತ್ತದೆ. ಸಾಮಾನ್ಯ ಪಠ್ಯದಲ್ಲಿ 97 ಬಂದರೆ ಮಾತ್ರ ಮೂಲ ಫೈಲಿಗೆ ವಾಪಸ್ ಹೋಗಿ, 2ನೇ ಹಂತದಿಂದ ನೋಡಿಕೊಂಡು ಬನ್ನಿ.